ಆರ್ಕಿಡ್ ಮರಿಯೂ ಶ್ರಾವಕನ ಹೊಣೆಯೂ

ಅಹಿಂಸಾಣುವ್ರತದ ವಿಚಾರ ಬಂದಾಗ ಜೈನ ಗೃಹಸ್ಥರ ಗಮನ ಮೊದಲು ಹರಿಯುವುದು ಅಡುಗೆಮನೆಯ ಕಡೆಗೆ. ಕಂದಮೂಲಗಳ ತ್ಯಾಗ, ರಾತ್ರಿಭೋಜನ ತ್ಯಾಗ, ಸೋಸಿದ ನೀರಿನ ಬಳಕೆ ಇವು ತಲೆಮಾರುಗಳಿಂದ ನಡೆದುಬಂದ ಆಚಾರಗಳು. ಆದರೆ ಊಟದ ತಟ್ಟೆಗೆ ಬರುವ ಸಸ್ಯದ ಬಗ್ಗೆ ಇಷ್ಟು ಎಚ್ಚರ ವಹಿಸುವ ಮನೆಯಲ್ಲೇ, ಅಲಂಕಾರಕ್ಕೆಂದು ಕುಂಡದಲ್ಲಿ ಇಟ್ಟ ಸಸ್ಯದ ಬಗ್ಗೆ ಅಷ್ಟು ವಿಚಾರ ನಡೆಯುವುದಿಲ್ಲ. ಅದನ್ನು ಯಾರೂ ತಿನ್ನುವುದಿಲ್ಲವಾದ್ದರಿಂದ ಅಲ್ಲಿ ಹಿಂಸೆಯ ಪ್ರಶ್ನೆಯೇ ಏಳುವುದಿಲ್ಲವೆಂಬುದು ರೂಢಿಯ ನಂಬಿಕೆ. ಈ ನಂಬಿಕೆ ಎಷ್ಟು ಸರಿ ಎಂಬುದನ್ನು ಪರೀಕ್ಷಿಸಲು ಆರ್ಕಿಡ್ ಗಿಡ ತಕ್ಕ ಉದಾಹರಣೆಯಾಗಿದೆ.

ಮಲೆನಾಡಿನ ಜನ ಸೀತಾಳೆ ದಂಡೆ ಎಂದು ಕರೆಯುವ ಹೂವು ಇದೇ ಕುಟುಂಬಕ್ಕೆ ಸೇರಿದ್ದು. ಮರದ ಮೇಲೆ ಬೆಳೆಯುವುದನ್ನು ಕಂಡು ಆರ್ಕಿಡನ್ನು ಬಂದಳಿಕೆಯೆಂದು ಭಾವಿಸುವವರುಂಟು. ಅದು ತಪ್ಪು. ಬಂದಳಿಕೆ ಮರದ ರಸವನ್ನು ಹೀರಿ ಬದುಕುತ್ತದೆ. ಮರವಾಸಿ ಆರ್ಕಿಡ್ ಮರದಿಂದ ಪಡೆಯುವುದು ಆಸರೆಯನ್ನು ಮಾತ್ರ. ಅದರ ಬೇರಿನ ಮೇಲಿರುವ ಬೆಳ್ಳನೆಯ, ಸ್ಪಂಜಿನಂಥ ಪದರ ಮಳೆನೀರನ್ನು ಹೀರಿಕೊಂಡು ಗಿಡವನ್ನು ಪೋಷಿಸುತ್ತದೆ. ಧೂಳಿನಷ್ಟು ಸೂಕ್ಷ್ಮವಾದ ಅದರ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರದ ಸಂಗ್ರಹವಿರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರದ ನೆರವು ದೊರೆತರೆ ಮಾತ್ರ ಅದು ಮೊಳೆಯುತ್ತದೆ. ಸಕ್ಕರೆ ಸೇರಿಸಿದ ಮಾಧ್ಯಮದಲ್ಲಿ ಶಿಲೀಂಧ್ರವಿಲ್ಲದೆಯೂ ಬೀಜ ಮೊಳೆಯುವುದನ್ನು ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟ ಮೇಲೆಯೇ ಬೀಜದಿಂದ ಈ ಗಿಡಗಳನ್ನು ಬೆಳೆಸುವ ಕೆಲಸ ಸುಲಭವಾಯಿತು. ಜೀವಗಳು ಪರಸ್ಪರ ಉಪಕಾರ ಮಾಡಿಕೊಂಡು ಬಾಳುತ್ತವೆ ಎಂಬ ಉಮಾಸ್ವಾಮಿ ಆಚಾರ್ಯರ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ನಗರದ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಫೆಲನಾಪ್ಸಿಸ್ ಮತ್ತು ಡೆಂಡ್ರೋಬಿಯಂ ಎಂಬ ಎರಡು ಬಗೆಗಳು. ಕೆಲವೊಮ್ಮೆ ಫೆಲನಾಪ್ಸಿಸ್‌ನ ಹೂದಂಟಿನ ಗೆಣ್ಣಿನಲ್ಲಿ, ಡೆಂಡ್ರೋಬಿಯಂನ ಕಾಂಡದ ಗೆಣ್ಣಿನಲ್ಲಿ ಎಲೆಯೂ ಬೇರೂ ಉಳ್ಳ ಪುಟ್ಟ ಗಿಡವೊಂದು ಮೂಡುತ್ತದೆ. ಬೆಳೆಗಾರರು ಇದನ್ನು ಕೀಕಿ ಎನ್ನುತ್ತಾರೆ. ಇದು ಹವಾಯಿ ದ್ವೀಪಗಳ ಭಾಷೆಯ ಮಾತು, ಮಗು ಎಂಬುದು ಇದರ ಅರ್ಥ. ಇಂಥ ಮರಿ ಮೂಡಿದಾಗ ಮನೆಯಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ತಾಯಿಯಿಂದ ಮಗುವನ್ನು ಕತ್ತರಿಸಿ ಬೇರ್ಪಡಿಸುವುದು ಹಿಂಸೆಯಲ್ಲವೇ? ಅದರ ಪಾಡಿಗೆ ಅದನ್ನು ಬಿಟ್ಟುಬಿಡುವುದೇ ಧರ್ಮವಲ್ಲವೇ?

ಸಂದೇಹ ದಯೆಯಿಂದ ಹುಟ್ಟಿದ್ದು, ಆದ್ದರಿಂದ ಗೌರವಕ್ಕೆ ಅರ್ಹವಾದದ್ದು. ಆದರೆ ದಯೆಗೆ ಜ್ಞಾನದ ಬೆಳಕು ಬೇಕು. ಸಿದ್ಧಾಂತದ ಪ್ರಕಾರ ವನಸ್ಪತಿಗಳಿಗೆ ಗರ್ಭಜನ್ಮವಿಲ್ಲ, ಸಮ್ಮೂರ್ಛನ ಜನ್ಮವೊಂದೇ. ಏಕೇಂದ್ರಿಯ ಜೀವಗಳು ನಪುಂಸಕವೇದದವು. ಹೀಗಿರುವಲ್ಲಿ ತಾಯಿ, ಮಗು ಎಂಬುದು ಲೋಕವ್ಯವಹಾರದ ಮಾತು, ಉಪಚಾರದ ಮಾತು. ದಂಟಿನ ಮೇಲೆ ಮೂಡಿದ ಜೀವ ತನ್ನದೇ ಆಯುಕರ್ಮವನ್ನು ಹೊತ್ತು ಬಂದದ್ದು. ಅದು ಹಳೆಯ ಗಿಡದ ಸ್ವತ್ತಲ್ಲ. ಕುಂಡವನ್ನು ಕೊಂಡುತಂದ ಗೃಹಸ್ಥನ ಸ್ವತ್ತಂತೂ ಅಲ್ಲವೇ ಅಲ್ಲ. ಸ್ಪರ್ಶನೇಂದ್ರಿಯ, ಕಾಯಬಲ, ಶ್ವಾಸೋಚ್ಛ್ವಾಸ, ಆಯು ಎಂಬ ನಾಲ್ಕು ಪ್ರಾಣಗಳು ಹಳೆಯ ಗಿಡಕ್ಕೆ ಇರುವಂತೆಯೇ ಅದಕ್ಕೂ ಇವೆ.

ಹಾಗಾದರೆ ತಾಯಿಮಗುವಿನ ಸಂಬಂಧ ಉಪಚಾರದ್ದೇ ತಾನೇ, ಮನಬಂದಂತೆ ಕತ್ತರಿಸಬಹುದು ಎಂದು ಇದರಿಂದ ತೀರ್ಮಾನಿಸುವುದು ಇನ್ನೂ ದೊಡ್ಡ ತಪ್ಪು. ಕತ್ತರಿಸಿದ ಮೇಲೂ ಬೆಳೆಯುವ ಗುಣವನ್ನು ಪೂರ್ವಾಚಾರ್ಯರು ಸಾಧಾರಣ ಶರೀರದ ಲಕ್ಷಣಗಳಲ್ಲಿ ಎಣಿಸಿದ್ದಾರೆ. ಒಂದು ಶರೀರದಲ್ಲಿ ಅನಂತ ಜೀವಗಳ ಸಂಭವವಿರುವಲ್ಲಿ ಅಲಗನ್ನು ಎತ್ತುವ ಕೈ ತಡೆದು ನಿಲ್ಲಬೇಕು. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಪ್ರಯೋಜನವಿಲ್ಲದೆ ಸಸ್ಯವನ್ನು ಕಡಿಯುವುದನ್ನು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಇಲ್ಲಿ ಗಮನಿಸಬೇಕಾದ ಮಾತು ಪ್ರಯೋಜನ. ಸ್ಥಾವರಹಿಂಸೆಯನ್ನು ಸಂಪೂರ್ಣವಾಗಿ ಬಿಡುವುದು ಮುನಿಗಳಿಗೆ ಸಾಧ್ಯ. ಗೃಹಸ್ಥನಿಗೆ ವಿಧಿಸಿರುವುದು ಅನಗತ್ಯವಾದುದನ್ನು ಬಿಡುವುದು, ಅಗತ್ಯವಾದುದನ್ನು ಎಚ್ಚರದಿಂದ ಮಾಡುವುದು. ಪ್ರಮಾದದಿಂದ ಪ್ರಾಣಕ್ಕೆ ಹಾನಿಯುಂಟುಮಾಡುವುದೇ ಹಿಂಸೆ ಎಂಬ ತತ್ತ್ವಾರ್ಥಸೂತ್ರದ ನಿರೂಪಣೆಯೂ ಇದನ್ನೇ ಸೂಚಿಸುತ್ತದೆ.

ಬೇರ್ಪಡಿಸದೆ ಬಿಟ್ಟರೆ ಆಗುವುದೇನು ಎಂಬುದನ್ನೂ ನೋಡಬೇಕು. ಗಟ್ಟಿಮುಟ್ಟಾದ ಗಿಡದ ಮೇಲೆ ಒಂದು ಮರಿ ಉಳಿದರೆ ಬಾಧಕವಿಲ್ಲ. ಆದರೆ ಇಕ್ಕಟ್ಟಾದ ಕುಂಡದಲ್ಲಿ ಮರಿಗಳು ಒತ್ತಾಗಿ ಬೆಳೆದಾಗ ಗಾಳಿಯಾಟ ತಪ್ಪುತ್ತದೆ, ಬೇರು ಕೊಳೆಯುತ್ತದೆ, ಎಲೆಯ ಸಂದುಗಳಲ್ಲಿ ಹಿಟ್ಟು ತಿಗಣೆ ಸೇರುತ್ತದೆ. ಆಗ ಗೃಹಸ್ಥನ ಮುಂದೆ ಉಳಿಯುವ ದಾರಿಗಳು ಕಠಿಣವಾದವು. ಔಷಧಿ ಸಿಂಪಡಿಸಿದರೆ ತ್ರಸಜೀವಗಳ ಸಂಕಲ್ಪೀ ಹಿಂಸೆ. ಸಿಂಪಡಿಸದಿದ್ದರೆ ಗಿಡದ ನಾಶ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸುವವನ ಕಥೆಯೂ ಇದೇ. ಮೇಲೆ ಬೇರು ಕೊಳೆಯುತ್ತದೆ, ಕೆಳಗೆ ಸೊಳ್ಳೆಯ ಮರಿಗಳು ಹುಟ್ಟುತ್ತವೆ, ಆ ನೀರನ್ನು ಚೆಲ್ಲಿದಾಗ ಅವು ಸಾಯುತ್ತವೆ. ಕೈಕಟ್ಟಿ ಕುಳಿತದ್ದರಿಂದಲೇ ಅಹಿಂಸೆ ಸಿದ್ಧಿಸುವುದಿಲ್ಲ. ಸಕಾಲದಲ್ಲಿ ಮಾಡಿದ ಚಿಕ್ಕ ಛೇದನ ಮುಂದಿನ ದೊಡ್ಡ ಹಿಂಸೆಯನ್ನು ತಪ್ಪಿಸಬಹುದು.

ಸಕಾಲ ಯಾವುದು? ಮರಿಗೆ ಎರಡು ಮೂರು ಎಲೆಗಳು, ಎರಡು ಮೂರು ಅಂಗುಲದ ಹಲವು ಬೇರುಗಳು ಬರುವವರೆಗೆ ಅದನ್ನು ಮುಟ್ಟಬಾರದು. ಬೇರಿಲ್ಲದ ಮರಿಯನ್ನು ಬೇರ್ಪಡಿಸಿದರೆ ಅದು ನೀರು ಹೀರಲಾರದೆ ಸೊರಗುತ್ತದೆ. ತಕ್ಕ ಕಾಲ ಬಂದಾಗ ಶುಚಿಯಾದ ಅಲಗಿನಿಂದ ದಂಟಿನ ಚಿಕ್ಕ ತುಂಡಿನೊಂದಿಗೆ ಬೇರ್ಪಡಿಸಬೇಕು. ಕತ್ತರಿಸಿದ ಗಾಯ ಒಣಗಿದ ಮೇಲೆ, ತೂತುಗಳುಳ್ಳ ಪುಟ್ಟ ಕುಂಡದಲ್ಲಿ ಇದ್ದಿಲು, ಹೆಂಚಿನ ಚೂರು, ಹದವಾದ ತೆಂಗಿನ ಸಿಪ್ಪೆಯ ತುಂಡುಗಳ ನಡುವೆ ನಿಲ್ಲಿಸಬೇಕು. ಅವುಗಳಲ್ಲಿ ಹುಳುಗಳಿವೆಯೇ ಎಂದು ಮೊದಲೇ ನೋಡುವುದು ಶ್ರಾವಕನ ಕರ್ತವ್ಯ. ನೇರ ಬಿಸಿಲು ಬೇಡ, ಗಾಳಿಯಿರುವ ನೆರಳು ಸಾಕು. ಬೆಳ್ಳಗಿರುವ ಬೇರು ನೀರು ಬೇಡುತ್ತದೆ, ಹಸಿರಾಗಿರುವ ಬೇರು ಸಾಕೆನ್ನುತ್ತದೆ. ಮರಿ ಹೂಬಿಡಲು ವರ್ಷಗಳೇ ಹಿಡಿಯಬಹುದು. ಫಲಾಪೇಕ್ಷೆಯಿಲ್ಲದೆ ಮಾಡುವ ಸೇವೆಗೆ ಇದೂ ಒಂದು ಅಭ್ಯಾಸ.

ಮರಿ ತಾನಾಗಿ ಮೂಡುವುದು ಒಂದು, ಮೂಡಿಸುವುದು ಇನ್ನೊಂದು. ಸೈಟೋಕೈನಿನ್ ಎಂಬ ಸಸ್ಯಚೋದಕವಿರುವ ಲೇಪವನ್ನು ಗೆಣ್ಣಿಗೆ ಹಚ್ಚಿ ಮರಿಗಳನ್ನು ಬರಿಸುವ ಕ್ರಮ ಬಳಕೆಯಲ್ಲಿದೆ. ಬಲವಾದ ಗಿಡ ಇದನ್ನು ಸಹಿಸೀತು. ಸೊರಗಿದ ಗಿಡಕ್ಕೆ ಹಚ್ಚಿದರೆ ಅದರ ಉಳಿದ ಶಕ್ತಿಯೂ ಬಸಿದುಹೋಗುತ್ತದೆ. ಅಹಿಂಸಾಣುವ್ರತಕ್ಕೆ ಶಾಸ್ತ್ರ ಹೇಳುವ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವು ಮುಖ್ಯವಾಗಿ ಮನುಷ್ಯನ ಅಧೀನದಲ್ಲಿರುವ ಪ್ರಾಣಿಗಳನ್ನು ಕುರಿತವು. ಆದರೂ ಇವುಗಳ ಹಿಂದಿರುವ ಭಾವ ಎಲ್ಲ ಅಧೀನ ಜೀವಗಳಿಗೂ ಸಲ್ಲುವಂಥದು. ಬಡಕಲು ಗಿಡದಿಂದ ಮರಿಗಳನ್ನು ಹಿಂಡುವುದರಲ್ಲಿ ಅತಿಭಾರದ ಛಾಯೆಯಿದೆ. ಹೂವಿರುವ ತನಕ ಮುದ್ದಿಸಿ, ಹೂವು ಉದುರಿದೊಡನೆ ನೀರು ಮರೆಯುವುದರಲ್ಲಿ ಅನ್ನಪಾನನಿರೋಧದ ಛಾಯೆಯಿದೆ. ಕಾಡಿನ ಆರ್ಕಿಡ್ ಯಾರ ಕೈನೀರನ್ನೂ ಕಾಯುವುದಿಲ್ಲ. ಕುಂಡಕ್ಕೆ ತಂದವನೇ ಅದನ್ನು ಪರಾಧೀನವಾಗಿಸಿದ್ದು. ಆದ್ದರಿಂದ ಅದರ ಹೊಣೆಯೂ ಅವನದೇ.

ಇನ್ನು ಪರಿಗ್ರಹದ ಮಾತು. ಒಂದು ಗಿಡ ಎರಡಾಗುತ್ತದೆ, ಎರಡು ಹತ್ತಾಗುತ್ತದೆ. ಹಳೆಯ ಗಿಡವನ್ನು ಅಸಲೆಂದೂ ಮರಿಗಳನ್ನು ಬಡ್ಡಿಯೆಂದೂ ಎಣಿಸುವ ಮನಸ್ಸಿಗೆ ಈ ವೃದ್ಧಿ ಹಿತವಾಗಿಯೇ ಕಾಣುತ್ತದೆ. ಆದರೆ ಈ ಖಾತೆಯಲ್ಲಿ ಜಮೆಯಾಗುವ ಪ್ರತಿಯೊಂದೂ ಜೀವ. ಪ್ರತಿಯೊಂದರ ಎದುರಿಗೂ ನೀರಿನ, ನೆರಳಿನ, ಸಮಯದ ಸಾಲವಿದೆ. ಮನೆಯವರು ದಿನವೂ ನೋಡಿಕೊಳ್ಳಬಲ್ಲ ಗಿಡಗಳೆಷ್ಟೋ ಅಷ್ಟೇ ಆ ಮನೆಯ ಪರಿಮಾಣ. ಮಿಕ್ಕ ಮರಿಗಳನ್ನು ಸಾಕಬಲ್ಲವರಿಗೆ ಸಾಕುವ ಕ್ರಮವನ್ನೂ ತಿಳಿಸಿ ಕೊಡುವುದು ಉಚಿತ. ಕಾಡಿನಿಂದ ಕಿತ್ತುತಂದ ಗಿಡವನ್ನು ಮಾತ್ರ ಕೊಳ್ಳಲೇಬಾರದು. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸಲು 1973ರಲ್ಲಿ ಆದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಇಡೀ ಆರ್ಕಿಡ್ ಕುಟುಂಬವೇ ಸೇರಿದೆ ಎಂಬುದು ಮನುಷ್ಯನ ಆಸೆ ಎಲ್ಲಿಯವರೆಗೆ ಚಾಚಿದೆ ಎಂಬುದಕ್ಕೆ ಸಾಕ್ಷಿ.

ಬಸದಿಗಳ ಸಮಾರಂಭಗಳಲ್ಲಿ, ಮದುವೆಗಳಲ್ಲಿ ಹೂಗುಚ್ಛಕ್ಕೆ ಬದಲಾಗಿ ಕುಂಡದ ಆರ್ಕಿಡನ್ನು ಕೊಟ್ಟು ಗೌರವಿಸುವಾಗಲೂ ಈ ವಿಚಾರ ಸಲ್ಲುತ್ತದೆ. ಕಿತ್ತ ಹೂವಿಗಿಂತ ಬದುಕಿರುವ ಗಿಡ ಮೇಲು ಎಂಬ ಭಾವನೆ ಒಳ್ಳೆಯದೇ. ಆದರೆ ಹೂವು ಉದುರಿದ ಗಿಡ ಸತ್ತಿತೆಂದು ತಿಳಿದು ಕಸಕ್ಕೆ ಎಸೆಯುವವರೂ ಇದ್ದಾರೆ. ಡೆಂಡ್ರೋಬಿಯಂನ ಕೆಲವು ಜಾತಿಗಳು ಚಳಿಗಾಲದಲ್ಲಿ ಎಲೆಯನ್ನೆಲ್ಲ ಉದುರಿಸಿ ಒಣಕಡ್ಡಿಯಂತೆ ನಿಂತು ಮತ್ತೆ ಹೂಬಿಡುತ್ತವೆ. ಸಾಕುವ ಕ್ರಮ ತಿಳಿಯದವರ ಕೈಗೆ ಜೀವವನ್ನು ಒಪ್ಪಿಸುವುದು ದಾನವೆನಿಸುವುದಿಲ್ಲ. ಟ್ರಸ್ಟುಗಳು ಇಂಥ ಗಿಡಗಳನ್ನು ಕೊಡುವುದಾದರೆ, ಸಾಕಲು ಒಪ್ಪುವವರನ್ನು ಮೊದಲೇ ಕೇಳಿ ಕೊಡಬೇಕು. ಅಂಥವರಿಲ್ಲದಿದ್ದರೆ ಒಂದು ತೆಂಗಿನಕಾಯಿ, ಒಂದು ಶಾಸ್ತ್ರಗ್ರಂಥ ಸಾಕು.

ಮರಿಯನ್ನು ಬೇರ್ಪಡಿಸುವುದು ಹಿಂಸೆಯೇ ಎಂಬ ಪ್ರಶ್ನೆಗೆ ಶ್ರಾವಕಾಚಾರದಿಂದ ದೊರೆಯುವ ಉತ್ತರ ಇಷ್ಟು. ಯಾವ ಛೇದನವೂ ನಿರ್ದೋಷವಲ್ಲ. ಆದರೆ ಕಾಲವರಿತು, ಜೀವದ ಹಿತವನ್ನು ನೋಡಿ, ಕೈನಡುಕವಿಲ್ಲದೆಯೂ ಕಾಠಿಣ್ಯವಿಲ್ಲದೆಯೂ ಮಾಡಿದ ಛೇದನದಲ್ಲಿ ದೋಷ ಅಲ್ಪ. ಬೇಡದ ಆಸೆಯಿಂದ ಮಾಡಿದ್ದರಲ್ಲಿ, ಉದಾಸೀನದಿಂದ ಮಾಡದೆ ಬಿಟ್ಟದ್ದರಲ್ಲಿ ದೋಷ ಅಧಿಕ. ಎರಡನೆಯ ಕುಂಡವನ್ನು ಸಿದ್ಧಮಾಡುವ ಮುನ್ನ ಅದಕ್ಕೆ ಎರೆಯುವ ಕೈ ಯಾರದೆಂದು ನಿಶ್ಚಯಿಸಿಕೊಳ್ಳುವವನು ತನ್ನ ವ್ರತವನ್ನು ಅರಿತವನು.