ನಾಯಿಯ ಗುರುವಿಗೆ ದಕ್ಷಿಣೆ

ಹೇಳಿದ ಮಾತು ಕೇಳದ ನಾಯಿಗೆ ಹಣ ತೆತ್ತು ತರಬೇತಿ ಕೊಡಿಸಬೇಕೇ ಎಂಬುದು ಮೇಲ್ನೋಟಕ್ಕೆ ಮನೆಖರ್ಚಿನ ಪ್ರಶ್ನೆ. ಕುಶಾಲನಗರದ ಹೊಸ ಬಡಾವಣೆಗಳಲ್ಲಿ ಮೂವತ್ತು-ನಲವತ್ತರ ಸೈಟಿನ ಮನೆಗಳಿಗೂ ಈಗ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್‌ಗಳು ಬಂದಿವೆ. ಮರಿಯಾಗಿದ್ದಾಗ ಎತ್ತಿ ಮುದ್ದಾಡಿದ ಪ್ರಾಣಿ ವರ್ಷ ತುಂಬುವಷ್ಟರಲ್ಲಿ ಮೂವತ್ತು ಕಿಲೋ ತೂಗುತ್ತದೆ, ಗೇಟು ಸದ್ದಾದರೆ ಎಗರುತ್ತದೆ, ಸಿಲಿಂಡರ್ ತಂದವನನ್ನು ಒಳಗೆ ಬಿಡುವುದಿಲ್ಲ, ಬೀದಿಗೆ ಕರೆದೊಯ್ದರೆ ಯಜಮಾನನನ್ನೇ ಎಳೆದುಕೊಂಡು ಹೋಗುತ್ತದೆ. ಆಗ ಲೆಕ್ಕ ಶುರುವಾಗುತ್ತದೆ. ತರಬೇತುದಾರ ಕೇಳುವುದು ಸಾವಿರಗಳಲ್ಲಿ. ಮಗಳ ಶಾಲೆಯ ಫೀಸು ಕಟ್ಟಬೇಕು, ಮೆಣಸಿನ ದರ ಯಾವಾಗ ಇಳಿಯುವುದೋ ತಿಳಿಯದು. ಒಂದು ನಾಯಿಗೆ ಇಷ್ಟೆಲ್ಲ ಬೇಕೇ? ಈ ಲೆಕ್ಕವನ್ನು ಧರ್ಮದ ಪ್ರಶ್ನೆಯಾಗಿಯೇ ಬಿಡಿಸಬೇಕೆಂಬುದು ನನ್ನ ವಾದ. ಮರಿಯನ್ನು ಹೊಸ್ತಿಲು ದಾಟಿಸಿ ಒಳಗೆ ತಂದ ದಿನವೇ ಅದಕ್ಕೆ ಕಲಿಸುವ ಋಣ ನಮ್ಮ ತಲೆಯ ಮೇಲೆ ಬಿತ್ತು. ಆ ಋಣದ ಒಂದು ಪಾಲನ್ನು ಹಣದಿಂದ ತೀರಿಸಬಹುದು. ದೊಡ್ಡ ಪಾಲನ್ನು ಮೈಯಾರೆ ತೀರಿಸಬೇಕು.

ನಾಯಿಗೂ ಧರ್ಮಕ್ಕೂ ಏನು ಸಂಬಂಧ ಎನ್ನುವವರು ಮಹಾಭಾರತದ ಮೊದಲ ಪುಟಗಳನ್ನೂ ಕೊನೆಯ ಪುಟಗಳನ್ನೂ ಒಟ್ಟಿಗೆ ಓದಬೇಕು. ಕೊನೆಯದು ಎಲ್ಲರಿಗೂ ಗೊತ್ತು: ಮಹಾಪ್ರಸ್ಥಾನದಲ್ಲಿ ಹಿಂದೆ ಬಂದ ನಾಯಿಯನ್ನು ಬಿಟ್ಟು ರಥ ಹತ್ತಲಾರೆ ಎಂದು ಧರ್ಮರಾಯ ಇಂದ್ರನಿಗೆ ಹೇಳುತ್ತಾನೆ, ನಂಬಿದವರನ್ನು ತೊರೆಯುವುದು ಮಹಾಪಾಪ ಎಂಬುದು ಅವನ ಕಾರಣ. ಮೊದಲನೆಯದನ್ನು ನಾವು ಮರೆಯುತ್ತೇವೆ. ಜನಮೇಜಯ ಕುರುಕ್ಷೇತ್ರದಲ್ಲಿ ಯಾಗಕ್ಕೆ ಕೂತಾಗ ದೇವತೆಗಳ ಹೆಣ್ಣುನಾಯಿ ಸರಮೆಯ ಮರಿ ಅಲ್ಲಿಗೆ ಬರುತ್ತದೆ, ರಾಜನ ತಮ್ಮಂದಿರು ಅದನ್ನು ಬಡಿಯುತ್ತಾರೆ. ಮರಿ ಹವಿಸ್ಸನ್ನು ನೆಕ್ಕಿರಲಿಲ್ಲ, ಅದರತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ತಪ್ಪಿಲ್ಲದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಸರಮೆ ಬಂದು ಕೇಳಿದರೆ ಅವರಲ್ಲಿ ಉತ್ತರವಿಲ್ಲ. ಕಾಣದ ಭಯ ನಿಮಗೆ ಬರಲಿ ಎಂದು ಅವಳು ಶಪಿಸುತ್ತಾಳೆ. ಈ ಎರಡರ ನಡುವೆ, ಸರಮೆಯ ಕಥೆಯಿರುವ ಆದಿಪರ್ವದಲ್ಲೇ, ಇನ್ನೊಂದು ನಾಯಿಯಿದೆ. ಕಾಡಿನಲ್ಲಿ ಏಕಲವ್ಯನನ್ನು ಕಂಡು ಬೊಗಳಿದ ಪಾಂಡವರ ನಾಯಿಯ ಬಾಯಿಗೆ ಅವನು ಏಳು ಬಾಣ ತುಂಬಿ ಸದ್ದಡಗಿಸುತ್ತಾನೆ. ಪಾಂಡವರು ಬಿಲ್ಗಾರನ ಕೈಚಳಕಕ್ಕೆ ಬೆರಗಾಗುತ್ತಾರೆ, ನಾಯಿಯ ಗತಿ ಏನಾಯಿತೆಂದು ಯಾರೂ ಕೇಳುವುದಿಲ್ಲ. ಕಾರಣ ತಿಳಿಯದೆ ಹೊಡೆಯುವುದು, ಚಾತುರ್ಯದಿಂದ ಬಾಯಿ ಮುಚ್ಚಿಸುವುದು, ಬಿಡದೆ ಜೊತೆಗಿರುವುದು: ತುಂಟ ನಾಯಿಯ ಮುಂದೆ ನಿಂತ ಮನುಷ್ಯನಿಗೆ ಇರುವ ದಾರಿಗಳು ಇಂದಿಗೂ ಹೆಚ್ಚುಕಡಿಮೆ ಇವೇ. ತರಬೇತಿಯ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಸೇವೆ ಎರಡನೆಯ ಜಾತಿಯದು. ವಿದ್ಯುತ್ ಶಾಕ್ ಕೊಡುವ ಕೊರಳಪಟ್ಟಿ ಏಳು ಬಾಣದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ನಾಯಿ ಏಕೆ ಬೊಗಳಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಕಲಿಸುವುದರ ಬಗ್ಗೆ ಇನ್ನೂ ನೇರವಾಗಿ ಮಾತಾಡುವ ಕಥೆ ಬೌದ್ಧರ ಪಾಳಿ ಗ್ರಂಥವಾದ ಅಂಗುತ್ತರ ನಿಕಾಯದಲ್ಲಿದೆ. ಕುಶಾಲನಗರದಿಂದ ಕಾವೇರಿಯ ಸೇತುವೆ ದಾಟಿದರೆ ಬೈಲುಕುಪ್ಪೆ. ಚಿಕ್ಕ ವಯಸ್ಸಿನಲ್ಲೇ ಸೇರಿದ ಭಿಕ್ಷುಗಳನ್ನು ವರ್ಷಗಟ್ಟಲೆ ತಿದ್ದುವ ಮಠಗಳು ಅಲ್ಲಿವೆ. ಅವು ಟಿಬೆಟಿನ ಪರಂಪರೆಯವು, ಈ ಕಥೆ ಪಾಳಿಯದು, ಆದರೂ ನದಿಯ ಈಚೆಗೆ ಕುಳಿತು ಈ ಪ್ರಶ್ನೆ ಯೋಚಿಸುವವರಿಗೆ ಅದು ದೂರದ್ದೇನಲ್ಲ. ಕೇಸಿ ಎಂಬ ಹೆಸರಾಂತ ಕುದುರೆ ಪಳಗಿಸುವವನನ್ನು ಬುದ್ಧ ಅವನ ಕಸುಬಿನ ಬಗ್ಗೆ ವಿಚಾರಿಸುತ್ತಾನೆ. ಕೆಲವನ್ನು ಮೃದುವಾಗಿ, ಕೆಲವನ್ನು ಕಠಿಣವಾಗಿ, ಕೆಲವನ್ನು ಎರಡೂ ಬಗೆಯಲ್ಲಿ ಪಳಗಿಸುತ್ತೇನೆ, ಯಾವುದಕ್ಕೂ ಬಗ್ಗದ ಕುದುರೆಯನ್ನು ಗುರುಮನೆಯ ಹೆಸರು ಕೆಡದಿರಲೆಂದು ಕೊಲ್ಲುತ್ತೇನೆ ಎನ್ನುತ್ತಾನೆ ಅವನು. ಮನುಷ್ಯರ ವಿಷಯದಲ್ಲಿ ನೀವೇನು ಮಾಡುತ್ತೀರಿ ಎಂದು ತಿರುಗಿ ಕೇಳಿದಾಗ ಬುದ್ಧ ಅದೇ ನಾಲ್ಕು ಮಾತು ಹೇಳುತ್ತಾನೆ. ಕೇಸಿ ಗಾಬರಿಬೀಳುತ್ತಾನೆ. ಆಗ ವಿವರಣೆ ಬರುತ್ತದೆ: ಮೃದು ಎಂದರೆ ಒಳ್ಳೆಯ ನಡತೆಯನ್ನೂ ಅದರ ಫಲವನ್ನೂ ತೋರಿಸುವುದು, ಕಠಿಣ ಎಂದರೆ ಕೆಟ್ಟ ನಡತೆಯನ್ನೂ ಅದರ ಫಲವನ್ನೂ ತೋರಿಸುವುದು, ಕೊಲ್ಲುವುದೆಂದರೆ ಆ ಮನುಷ್ಯನಿಗೆ ಇನ್ನು ಹೇಳಿಸಿಕೊಂಡು ತಿದ್ದಿಕೊಳ್ಳುವ ಯೋಗ್ಯತೆಯಿಲ್ಲವೆಂದು ಮಾತು ನಿಲ್ಲಿಸಿಬಿಡುವುದು. ಈ ಕಥೆ ನನಗೆ ಮುಖ್ಯವಾಗುವುದು ಈ ಕೊನೆಯ ಮಾತಿನಿಂದ. ನಮ್ಮ ಮನೆಗಳ ಹಿತ್ತಿಲಲ್ಲಿ, ತೋಟದ ಗೋದಾಮಿನ ಪಕ್ಕದಲ್ಲಿ, ಹಗಲಿಡೀ ಸರಪಳಿಯಲ್ಲಿ ಬಿದ್ದಿರುವ ನಾಯಿಗೆ ಅನ್ನ ಬೀಳುತ್ತದೆ, ನೀರು ಬೀಳುತ್ತದೆ. ಅದರೊಂದಿಗೆ ಮಾತು ನಿಂತು ಬಹಳ ಕಾಲವಾಗಿರುತ್ತದೆ. ಅದು ಹಟಮಾರಿ ಎಂದು ಕಟ್ಟಿದರು; ಕಟ್ಟಿದ್ದರಿಂದ ಅದು ಇನ್ನಷ್ಟು ಹಟಮಾರಿಯಾಯಿತು. ಬುದ್ಧನ ಅಳತೆಯಲ್ಲಿ ಅದನ್ನು ಆಗಲೇ ಕೊಂದಾಗಿದೆ.

ಪ್ರಾಣಿಗಳ ಕಲಿಕೆಯ ಬಗ್ಗೆ ಈಗ ತಿಳಿದಿರುವುದೂ ಇದೇ ದಿಕ್ಕಿಗೆ ಕೈತೋರುತ್ತದೆ. ನಾಯಿ ಯಜಮಾನನ ಮೇಲೆ ಅಧಿಕಾರ ಸ್ಥಾಪಿಸಲು ಹವಣಿಸುತ್ತದೆ, ಅದನ್ನು ಹತ್ತಿಕ್ಕಬೇಕು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿ. ಅದರ ಬೇರು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ, ಸೆರೆಯಲ್ಲಿದ್ದ ತೋಳಗಳ ಅಧ್ಯಯನದಲ್ಲಿದೆ. ಅದನ್ನು 1970ರ ಪುಸ್ತಕದಲ್ಲಿ ಜನಪ್ರಿಯಗೊಳಿಸಿದ ಡೇವಿಡ್ ಮೀಚ್ ಅವರೇ 1999ರಲ್ಲಿ, ಕಾಡಿನ ತೋಳದ ಹಿಂಡು ತಂದೆ ತಾಯಿ ಮಕ್ಕಳ ಸಂಸಾರವೆಂದು ತೋರಿಸಿ ಆ ಕಲ್ಪನೆಯನ್ನು ಕೈಬಿಟ್ಟರು. ನಾಯಿಮರಿ ಮನುಷ್ಯರೊಂದಿಗೆ ಹೊಂದಿಕೊಳ್ಳಲು ಕಲಿಯುವ ಮುಖ್ಯ ಕಾಲ ಹುಟ್ಟಿದ ಸುಮಾರು 3ನೇ ವಾರದಿಂದ 12ನೇ ವಾರದವರೆಗೆ ಎಂದು ಸಂಶೋಧಕರಾದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲೇ ಬರೆದರು. ಆ ವಾರಗಳಲ್ಲಿ ಪಂಜರದಲ್ಲೋ ಶೆಡ್ಡಿನಲ್ಲೋ ಬೆಳೆದ ಮರಿ ಮುಂದೆ ಅಪರಿಚಿತರನ್ನು ಕಂಡು ಹೆದರಿದರೆ, ಹೆದರಿ ಕಚ್ಚಿದರೆ, ಅದನ್ನು ಅಹಂಕಾರವೆನ್ನಲಾಗದು. ಪೋರ್ಚುಗಲ್‌ನಲ್ಲಿ 92 ನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಿಕ್ಷೆ ಕೊಟ್ಟು ಕಲಿಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚಾಗಿ ಕಂಡವು. ನಾಯಿ ಒಂದು ಜಾಗದಲ್ಲಿ, ಒಬ್ಬರಿಂದ ಕಲಿತದ್ದನ್ನು ಇನ್ನೊಂದು ಜಾಗದಲ್ಲಿ, ಇನ್ನೊಬ್ಬರ ಮುಂದೆ ತಾನಾಗಿ ಮಾಡುವುದಿಲ್ಲ ಎಂಬುದು ಈ ಕಸುಬಿನಲ್ಲಿ ಎಲ್ಲರೂ ಬಲ್ಲ ಸಂಗತಿ. ಇದಕ್ಕೆ ಉದಾಹರಣೆ ಕಾಣಲು ದೂರ ಹೋಗಬೇಕಿಲ್ಲ, ನಂಜರಾಯಪಟ್ಟಣದ ಬಳಿಯ ದುಬಾರೆಗೆ ಹೋದರೆ ಸಾಕು. ಅರಣ್ಯ ಇಲಾಖೆಯ ಆ ಶಿಬಿರದಲ್ಲಿ ಒಂದೊಂದು ಆನೆಗೂ ಮಾವುತ, ಕಾವಾಡಿ ಇದ್ದಾರೆ; ಹೆಚ್ಚಿನವರು ಜೇನುಕುರುಬರು. ಹೊಳೆಯಲ್ಲಿ ಮೈ ತಿಕ್ಕುವುದರಿಂದ ಹಿಡಿದು ರಾಗಿಮುದ್ದೆ, ಬೆಲ್ಲ ತಿನ್ನಿಸುವವರೆಗೆ ಕೆಲಸವೆಲ್ಲ ಆ ಕೈಗಳದ್ದೇ. ಕಾಡಾನೆಯನ್ನು ಮರದ ಕ್ರಾಲ್‌ನಲ್ಲಿ ಕೂಡಿ ಪಳಗಿಸುವುದು ಸೌಮ್ಯವಾದ ಕೆಲಸವೇನಲ್ಲ, ಅದನ್ನು ಆದರ್ಶವೆಂದು ಹೇಳುತ್ತಿಲ್ಲ. ಆದರೆ ಕಲಿಕೆ ಪ್ರಾಣಿಯ ತಲೆಯೊಳಗೆ ತುಂಬಿಟ್ಟ ಸರಕಲ್ಲ, ಪ್ರಾಣಿಗೂ ಮನುಷ್ಯನಿಗೂ ನಡುವೆ ದಿನದಿನವೂ ನಡೆಯಬೇಕಾದ ವ್ಯವಹಾರ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಇನ್ನು ಆಕ್ಷೇಪಗಳು. ಅತ್ಯಂತ ಬಲವಾದದ್ದು ಬಡತನದ ಮಾತು: ತೋಟದ ಕೂಲಿಯವರ ಲೈನ್‌ಮನೆಯ ಮಕ್ಕಳಿಗೆ ಪುಸ್ತಕವಿಲ್ಲದಿರುವಾಗ ನಾಯಿಯ ಪಾಠಕ್ಕೆ ಸಾವಿರಾರು ರೂಪಾಯಿ ಸುರಿಯುವುದು ಅಧರ್ಮವಲ್ಲವೇ? ಇದನ್ನು ತಳ್ಳಿಹಾಕಲಾಗದು. ಆದರೆ ನಾಯಿಯಿಂದ ಉಳಿಸಿದ ಹಣ ಲೈನ್‌ಮನೆಗೆ ಹೋಗಿದ್ದನ್ನು ಕಂಡವರು ಕಡಿಮೆ. ಅದಿರಲಿ, ಪಳಗದ ನಾಯಿಯ ಹಲ್ಲು ಮೊದಲು ನಾಟುವುದು ಯಾರಿಗೆ? ಕಾರಿನ ಗಾಜು ಏರಿಸಿಕೊಂಡು ಬರುವ ನೆಂಟರಿಗಲ್ಲ. ನಡೆದು ಬರುವ ಕೂಲಿಯವರಿಗೆ, ಅಂಚೆಯವನಿಗೆ, ಶಾಲೆಯಿಂದ ಅದೇ ದಾರಿಯಲ್ಲಿ ಮರಳುವ ಅವರ ಮಕ್ಕಳಿಗೆ. ನಾಯಿಯನ್ನು ತಿದ್ದುವ ಖರ್ಚು ಬಡವರಿಗೆ ತೋರಬೇಕಾದ ನ್ಯಾಯದ ಒಂದು ಭಾಗವೇ ಆಗಿದೆ. ಕಾನೂನು ಕೂಡ ಹೊಣೆಯನ್ನು ಸಾಕಿದವನ ಮೇಲೆಯೇ ಇಟ್ಟಿದೆ. ತನ್ನ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 23 ತಳಿಗಳನ್ನೇ ನಿಷೇಧಿಸಲು ಹೊರಟು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿತು. ತಳಿಯ ಮೇಲೆ ತಪ್ಪು ಹೊರಿಸುವುದು ಸುಲಭ, ಏಕೆಂದರೆ ಆಗ ಯಜಮಾನ ಪಾರಾಗುತ್ತಾನೆ. 1960ರ ಪ್ರಾಣಿ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದು ಅಪರಾಧವೆಂದು ನಾಯಿಯ ಹೆಸರೆತ್ತಿಯೇ ಬರೆದಿದೆ. ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ! ಆ ದುಡ್ಡಿಗೆ ಹೆದರಿ ಯಾರೂ ಸರಪಳಿ ಬಿಚ್ಚುವುದಿಲ್ಲ. ಕಾನೂನು ಕೈಬಿಟ್ಟ ಜಾಗವನ್ನು ಧರ್ಮಬುದ್ಧಿಯೇ ತುಂಬಬೇಕು.

ಎರಡನೆಯ ಆಕ್ಷೇಪ: ನಮ್ಮ ಅಜ್ಜಂದಿರು ನಾಯಿಗೆ ಪಾಠ ಹೇಳಿಸಿದ್ದುಂಟೇ, ಇದೆಲ್ಲ ಪೇಟೆಯ ಶೋಕಿ. ಅಜ್ಜಂದಿರು ತರಬೇತುದಾರನನ್ನು ಕರೆಸಲಿಲ್ಲ, ನಿಜ. ಅವರ ನಾಯಿಗೆ ಕೆಲಸವಿತ್ತು: ದನದ ಹಿಂದೆ, ಬೇಟೆಯ ಹಿಂದೆ, ಗದ್ದೆಯ ಕಾವಲಿಗೆ. ಯಜಮಾನನ ಜೊತೆ ದಿನವಿಡೀ ಸುತ್ತುವುದೇ ಅದರ ಶಾಲೆಯಾಗಿತ್ತು. ಆ ದಿನಚರಿಯನ್ನು ಕಿತ್ತುಕೊಂಡು, ಓಡಲೆಂದೇ ಬೆಳೆಸಿದ ತಳಿಯನ್ನು ಕಾಂಪೌಂಡಿನೊಳಗೆ ಕೂಡಿ, ಅಜ್ಜನ ನಾಯಿಯಂತೆ ತಾನಾಗಿ ಕಲಿಯಲಿ ಎನ್ನುವುದು ಅನ್ಯಾಯ. ನಾಯಿಗಾಗಿ ಸಂಪತ್ತು ತೆಗೆದಿಡುವುದು ಕನ್ನಡ ನಾಡಿಗೆ ಹೊಸತೂ ಅಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949–50ರದು. ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ, ಬೇಕಾದ್ದನ್ನು ಕೇಳೆಂದು ದೊರೆ ಹೇಳಿದಾಗ, ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಾಳಿಯನ್ನು ಯಾರು ಹೇಗೆ ಪಳಗಿಸಿದರೆಂದು ಕಲ್ಲು ಹೇಳುವುದಿಲ್ಲ. ಸತ್ತ ನಾಯಿಗೆ ಹೊಲ ಕೊಟ್ಟವನು ಬದುಕಿದ್ದಾಗ ಅದಕ್ಕೆ ಸಮಯ ಕೊಡದೆ ಇದ್ದಿರಲಾರ ಎಂದು ಊಹಿಸಬಹುದು, ಅಷ್ಟೆ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಪಳಗಿಸುವುದೇ ಹಿಂಸೆ, ನಾಯಿಯನ್ನು ನಾಯಿಯಾಗಿ ಇರಲು ಬಿಡಿ ಎನ್ನುವವರಿದ್ದಾರೆ. ಕಾಡುನಾಯಿಯ ಬಗ್ಗೆ ಈ ಮಾತು ಒಪ್ಪುತ್ತೇನೆ. ಮನೆಯ ನಾಯಿ ಸಾವಿರಾರು ವರ್ಷಗಳಿಂದ ಮನುಷ್ಯನ ಮುಖ ನೋಡಿ ಬದುಕುವಂತೆ ಆಗಿರುವ ಜೀವಿ. ನಮ್ಮ ಜೊತೆ ಬಾಳುವ ರೀತಿ ತಿಳಿಯುವುದು ಅದರ ಸ್ವಭಾವಕ್ಕೆ ಹೊರತಾದದ್ದಲ್ಲ. ಕರೆದರೆ ಬರುವ ನಾಯಿಗೆ ಹಾರಂಗಿಯ ದಡದಲ್ಲಿ ಹಗ್ಗ ಬಿಚ್ಚಿ ಓಡುವ ಭಾಗ್ಯ ಸಿಗುತ್ತದೆ, ಬಾರದ ನಾಯಿಗೆ ಸರಪಳಿ. ಇನ್ನು, ಎಷ್ಟು ಮಾಡಿದರೂ ಬದಲಾಗದ ನಾಯಿಗಳೂ ಇವೆ ಎಂಬುದು ನಿಜ. ಅಂಥ ನಾಯಿಯನ್ನು ಗಟ್ಟಿ ಬೇಲಿಯೊಳಗೆ, ಬಾಯಿಗವಸು ಹಾಕಿ ಓಡಾಡಿಸುತ್ತಾ ಸಾಕುವುದೂ ಋಣ ತೀರಿಸುವ ಒಂದು ಬಗೆ. ರಾತ್ರಿ ಕಾರಿನಲ್ಲಿ ಒಯ್ದು ತೋಟದ ಅಂಚಿನಲ್ಲಿ ಇಳಿಸಿ ಬರುವುದು ಮಾತ್ರ ಯಾವ ಲೆಕ್ಕದಲ್ಲೂ ತೀರುವುದಲ್ಲ.

ಹಾಗಾದರೆ ಹಣ ಕೊಡಬೇಕೇ? ಮೊದಲು ಪಶುವೈದ್ಯರಿಗೆ ತೋರಿಸಿ; ಕಿವಿಯ ನೋವು, ಸೊಂಟದ ನೋವು ಎಷ್ಟೋ ನಾಯಿಗಳನ್ನು ಸಿಡುಕು ಮಾಡುತ್ತವೆ. ಆಮೇಲೆ ಬೆಳಿಗ್ಗೆ ಸಂಜೆ ತಪ್ಪದೆ ನಡೆಸಿ, ಮನೆಯವರೆಲ್ಲ ಒಂದೇ ಮಾತು ಬಳಸಿ, ಸರಿ ಮಾಡಿದಾಗ ತಿಂಡಿ ಕೊಟ್ಟು ನೋಡಿ. ಚಪ್ಪಲಿ ಹರಿಯುವ, ಮೇಲೆ ಹಾರುವ ನಾಯಿಗೆ ಬಹುಮಟ್ಟಿಗೆ ಇಷ್ಟು ಸಾಕು. ಕೈಯಲ್ಲಿ ಹಣವಿಲ್ಲದವರು ತಪ್ಪಿತಸ್ಥರೆಂದು ಕೊರಗಬೇಕಿಲ್ಲ. ನಾಯಿ ಯಾರನ್ನಾದರೂ ಕಚ್ಚಿದ್ದರೆ, ಕಚ್ಚಲು ಹೋಗಿದ್ದರೆ, ಮನೆಯ ಮಕ್ಕಳು ಅದಕ್ಕೆ ಹೆದರುತ್ತಿದ್ದರೆ, ಬಲ್ಲವರನ್ನು ಕರೆಸುವುದು ಕರ್ತವ್ಯ, ಸಾಲ ಮಾಡಿಯಾದರೂ. ಈ ಕಸುಬಿಗೆ ನಮ್ಮಲ್ಲಿ ಕಡ್ಡಾಯ ಪರವಾನಗಿ ಇಲ್ಲ, ಯಾರು ಬೇಕಾದರೂ ಬೋರ್ಡು ಹಾಕಬಹುದು; ಆದ್ದರಿಂದ ಪರೀಕ್ಷೆ ನೀವೇ ಮಾಡಬೇಕು. ತರಬೇತುದಾರ ನಿಮ್ಮ ಮನೆಗೇ ಬಂದು, ಕಲಿಸುವುದನ್ನು ನಿಮ್ಮೆದುರೇ ಮಾಡಿ, ಹಗ್ಗವನ್ನು ನಿಮ್ಮ ಕೈಗೆ ಕೊಟ್ಟು ನಿಮ್ಮ ತಪ್ಪನ್ನೂ ತಿದ್ದುವವನಾದರೆ ಚೌಕಾಸಿ ಮಾಡದೆ ಹಣ ಕೊಡಿ. ನಾಯಿಯನ್ನು ಒಂದು ತಿಂಗಳು ಬಿಟ್ಟುಹೋಗಿ, ಸರಿಮಾಡಿ ಕೊಡುತ್ತೇನೆ, ನಡುವೆ ನೋಡಲು ಬರಬೇಡಿ ಎಂದರೆ ಹಣವನ್ನೂ ನಾಯಿಯನ್ನೂ ಮನೆಗೆ ವಾಪಸ್ ತನ್ನಿ.