ಎದ್ದು ನಿಂತರೆ ಸಾಕೆ?

ಮಳವಳ್ಳಿ ಕಡೆಯ ಕೇರಿಯ ಅವ್ವನೊಬ್ಬಳು ಕಬ್ಬಿನ ಗದ್ದೆಯಲ್ಲಿ ಬಿದ್ದು, ಸೊಂಟ ಮುರಿದು ಮಂಡ್ಯದ ಆಸ್ಪತ್ರೆ ಸೇರಿದಳು ಅನ್ನಿ. ಮೂಳೆಯ ಆಪರೇಷನ್ ಆಯಿತು. ಆಮೇಲೆ?

'ವಯಸ್ಸಾಯ್ತು, ಇನ್ನೇನು ನಡೆದಾಳು' ಎಂದು ಮಲಗಿಸಿಬಿಟ್ಟರೆ ಮುಪ್ಪಿನ ಮೈ ಬಲು ಬೇಗ ಬಲ ಕಳಕೊಳ್ಳುತ್ತದೆ. ಅದಕ್ಕೇ ಮೊದಲ ದಿನಗಳಲ್ಲೇ ಅವಳ ಶಕ್ತಿ ಅಳೆಯಬೇಕು. 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಬಾರ್ಥೆಲ್ ಪಟ್ಟಿಯಲ್ಲಿ 10 ಅಂಶ, 100 ಅಂಕ: ಉಣ್ಣುವುದು, ಮೀಯುವುದು, ನಡೆಯುವುದು, ಮೆಟ್ಟಿಲು ಹತ್ತುವುದು ಇತ್ಯಾದಿ. ಪಟ್ಟಿ ಬೇಕು. ಆದರೆ ಅವಳ ಗುಡಿಸಲಿಗೆ ಮೆಟ್ಟಿಲೆಲ್ಲಿ? ಬೀದಿ ನಲ್ಲಿಯಿಂದ ಕೊಡ ಹೊರುವುದು, ಕಳೆ ಕೀಳಲು ಕುಕ್ಕರುಗಾಲಲ್ಲಿ ಕೂರುವುದು ಅದರಲ್ಲಿಲ್ಲ. ಗೇದು ಉಣ್ಣುವವಳಿಗೆ ಅದೇ ಬದುಕು.

ಗೆಳೆಯರೇ, ಅವಳನ್ನೇ ಕೇಳೋಣ: 'ಮನೇಗೋದ್ಮೇಲೆ ಏನೇನು ಮಾಡ್ಕೋಬೇಕವ್ವಾ?' ಅವಳ ಮಾತು ಕೇಸ್ ಶೀಟಿಗೆ ಏರಲಿ. ಅಂಕ ನಾವು ಹಾಕಬಹುದು. ಯಾವುದು ಗುಣವಾಗೋದು ಅಂತ ಹೇಳುವ ಹಕ್ಕು ಅವಳದು.