ಮಿತವಾಗಿ ಕುಡಿದರೆ ತೊಂದರೆ ಇಲ್ಲವಂತೆ

ಬಿಯರಿನ ಬಗ್ಗೆ ಬೆಂಗಳೂರಿನಲ್ಲಿ ನಮ್ಮಂಥವರು ಮಾತಾಡುವುದನ್ನು ಹೊರಗಿನವರು ಕೇಳಿದರೆ, ಅದೇನೋ ಜೀರಿಗೆ ಕಷಾಯದ ಥರದ ಪದಾರ್ಥ ಅಂದುಕೊಳ್ಳಬೇಕು. ಬಾರ್ಲಿಯಿಂದ ಮಾಡಿದ್ದು ಮಗಾ, ನ್ಯಾಚುರಲ್. ವಿಟಮಿನ್ ಇರುತ್ತೆ. ಕಿಡ್ನಿ ಕಲ್ಲಿಗೆ ಒಳ್ಳೇದು. ಬೆಳಿಗ್ಗೆ ಐದು ಕಿಲೋಮೀಟರ್ ಓಡಿದ್ದೀನಲ್ಲ, ರಾತ್ರಿ ಎರಡು ಬಿಯರ್ ಅಡ್ಜಸ್ಟ್ ಆಗುತ್ತೆ. ಕೈಗೆ ಕಟ್ಟಿದ ವಾಚು ಹೆಜ್ಜೆ ಎಣಿಸುತ್ತದೆ, ನಿದ್ದೆ ಎಣಿಸುತ್ತದೆ. ಬಿಯರನ್ನು ಮಾತ್ರ ನಾವು ಬಾಯಲ್ಲೇ ಎಣಿಸಿಕೊಳ್ಳುತ್ತೇವೆ. ಎಣಿಸಿದ ಮೇಲೆ ಒಂದು ಶಬ್ದ ಹಚ್ಚುತ್ತೇವೆ: ಮಿತ. ಮಾಡರೇಟ್.

ಸರಿ, ಲೆಕ್ಕವನ್ನೇ ಮಾಡೋಣ. ಇಂಜಿನಿಯರ್‌ಗಳಲ್ವಾ ನಾವು.

ನಮ್ಮಲ್ಲಿ ಬಾರಿನವರು ತಂದಿಡುವುದು 650 ಮಿ.ಲೀ. ಬಾಟಲಿ. ಅದರಲ್ಲೂ ಹೆಚ್ಚಾಗಿ ಸ್ಟ್ರಾಂಗ್, ಅಂದರೆ ಶೇಕಡಾ 8ರವರೆಗೆ ಆಲ್ಕೋಹಾಲ್. 650ಕ್ಕೆ ಶೇಕಡಾ 8 ಅಂದರೆ 52 ಮಿ.ಲೀ., ತೂಕದಲ್ಲಿ ಸುಮಾರು 41 ಗ್ರಾಂ. ಅಮೆರಿಕದವರ ಲೆಕ್ಕದಲ್ಲಿ ಒಂದು 'ಡ್ರಿಂಕ್' ಅಂದರೆ 14 ಗ್ರಾಂ, ಬ್ರಿಟನ್ನಿನ ಒಂದು 'ಯೂನಿಟ್' 8 ಗ್ರಾಂ. ಅಂದರೆ ನಾವು 'ಒಂದೇ ಒಂದು ಬಿಯರ್' ಅನ್ನುವುದು ಅವರ ಮೂರು ಡ್ರಿಂಕ್, ಐದು ಯೂನಿಟ್. ಬ್ರಿಟನ್ನಿನ ವೈದ್ಯಾಧಿಕಾರಿಗಳು 2016ರಲ್ಲಿ ಹಾಕಿಕೊಟ್ಟ ಗೆರೆ ವಾರಕ್ಕೆ 14 ಯೂನಿಟ್. ಅದು ನಮ್ಮ ಸ್ಟ್ರಾಂಗ್ ಬಾಟಲಿಯಲ್ಲಿ ಮೂರು ಕೂಡ ಆಗುವುದಿಲ್ಲ. ಶುಕ್ರವಾರ ರಾತ್ರಿ ಹತ್ತೂವರೆಗೆ ಇಡೀ ವಾರದ ಕೋಟಾ ಮುಗಿದಿರುತ್ತದೆ, ಇನ್ನೂ ಚಿಕನ್ ಕಬಾಬ್ ಬಂದಿರುವುದಿಲ್ಲ. ಕ್ಯಾಲೊರಿ ಬೇಕಾ? ಆಲ್ಕೋಹಾಲ್ ಗ್ರಾಮಿಗೆ ಏಳು. ಒಂದು ಬಾಟಲಿಯಲ್ಲಿ ಅದರಿಂದಲೇ 280 ದಾಟುತ್ತದೆ, ಬಾರ್ಲಿಯ ಸಕ್ಕರೆ ಬೇರೆ. ಬೆಳಗ್ಗಿನ ಓಟ ಹೋಯಿತು.

ಇನ್ನು 'ಸ್ವಲ್ಪ ಕುಡಿಯುವವರು ಕುಡಿಯದವರಿಗಿಂತ ಆರೋಗ್ಯವಾಗಿರ್ತಾರಂತೆ' ಎಂಬ ಮಾತು. ಇದು ಪೂರ್ತಿ ಗಾಳಿಸುದ್ದಿ ಅಲ್ಲ. ಹಲವು ವರ್ಷ ಅಂಥ ಅಂಕಿ ಅಂಶ ಬರುತ್ತಲೇ ಇತ್ತು. ಆದರೆ ಡೇಟಾದಲ್ಲೇ ಒಂದು ಬಗ್ ಇತ್ತು. 'ಕುಡಿಯದವರು' ಎಂಬ ಗುಂಪಿನೊಳಗೆ, ಲಿವರ್ ಕೆಟ್ಟು ಡಾಕ್ಟರು ಬೈದ ಮೇಲೆ ಬಿಟ್ಟವರನ್ನೂ ಸೇರಿಸಿಬಿಟ್ಟಿದ್ದರು. ಕಾಯಿಲೆಯವರು ಆ ಕಡೆ ಕೂತರೆ ಈ ಕಡೆಯವರು ಗಟ್ಟಿಮುಟ್ಟಾಗಿ ಕಾಣದೆ ಇರುತ್ತಾರಾ? 2006ರಲ್ಲಿ ಕೇ ಫಿಲ್ಮೋರ್ ಮತ್ತು ಅವರ ಜೊತೆಯವರು ಹಳೆಯ ಅಧ್ಯಯನಗಳನ್ನು ಕೆದಕಿ ಈ ಹುಳುಕನ್ನು ಎತ್ತಿ ತೋರಿಸಿದರು. ಆಲ್ಕೋಹಾಲ್ ಇರುವ ಪಾನೀಯ ಕ್ಯಾನ್ಸರ್‌ಕಾರಕ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಪಟ್ಟಿಗೆ ಹಾಕಿತ್ತು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯಕ್ಕೆ ಸುರಕ್ಷಿತ ಅನ್ನಬಹುದಾದ ಪ್ರಮಾಣವೇ ಇಲ್ಲ ಎಂದಿತು. ಕಡಿಮೆ ಕುಡಿದರೆ ಕಡಿಮೆ ಅಪಾಯ, ಅಷ್ಟೇ.

ಹಾಗಾದರೆ ಕುಡಿಯಬಾರದಾ? ನಾನು ಕುಡಿಯುತ್ತೇನೆ. ಇಷ್ಟ ಆಗುತ್ತದೆ, ಅದಕ್ಕೆ. ಮೇ ತಿಂಗಳ ಸಂಜೆ ತಣ್ಣಗಿನ ಗ್ಲಾಸಿನ ಮೊದಲ ಗುಟುಕಿಗೆ ಆರೋಗ್ಯದ ಸರ್ಟಿಫಿಕೇಟ್ ಯಾಕೆ ಬೇಕು ಅಂತ ನನಗೆ ಅರ್ಥವಾಗುವುದಿಲ್ಲ. ಹೋಳಿಗೆ ತಿನ್ನುವವನು ಹೋಳಿಗೆಯಿಂದ ಹೃದಯ ಬಲವಾಗುತ್ತದೆ ಅಂತ ವಾದಿಸುವುದಿಲ್ಲ. ಬಿಯರಿಗೆ ಮಾತ್ರ ನಾವು ಲಾಯರ್ ಇಡುತ್ತೇವೆ. ನನ್ನ ಅನುಮಾನ ಏನೆಂದರೆ, ನಮ್ಮಲ್ಲಿ ಬಹಳಷ್ಟು ಮಂದಿ ಊರಿಂದ ಬಂದವರು, 'ಕುಡಿತ' ಎಂಬ ಶಬ್ದ ಕೇಳುತ್ತ ಬೆಳೆದವರು. ಆ ಶಬ್ದದಿಂದ ತಪ್ಪಿಸಿಕೊಳ್ಳಲು 'ಹೆಲ್ದಿ ಲೈಫ್‌ಸ್ಟೈಲ್' ಎಂಬ ಗೇಟೆಡ್ ಕಮ್ಯುನಿಟಿಯೊಳಗೆ ನುಗ್ಗಿದ್ದೇವೆ.

ನನ್ನ ಊರು ಕೊಯಿಲ. ಈಗ ಕಡಬ ತಾಲೂಕು, ನಾನು ಶಾಲೆಗೆ ಹೋಗುವಾಗ ಪುತ್ತೂರು. ಜಾನುವಾರು ಫಾರ್ಮ್ ಇರುವ ಕೊಯಿಲ ಅಂದರೆ ನಮ್ಮ ಕಡೆಯವರಿಗೆ ಗೊತ್ತಾಗುತ್ತದೆ. ಅಲ್ಲಿ ಮಿತ ಎಂಬ ಶಬ್ದವನ್ನು ಯಾರೂ ಬಳಸಿದ್ದು ನೆನಪಿಲ್ಲ. ಆದರೆ ಮಿತ ಇತ್ತು, ಮರದಲ್ಲಿ.

ಕಳ್ಳಿನ ವಿಷಯ ಹೇಳುತ್ತಿದ್ದೇನೆ. ರಾಜ್ಯದ ಬೇರೆ ಕಡೆ ಶೇಂದಿ ನಿಂತರೂ ದಕ್ಷಿಣ ಕನ್ನಡ, ಉಡುಪಿಯಲ್ಲಿ ಉಳಿದುಕೊಂಡಿದೆ. ಇಲ್ಲಿ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದ ಜೊತೆ ಕಳ್ಳು ಇಡುವ ಹರಕೆ ಉಂಟು. ಮೂರ್ತೆಯವರು ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ತೆಂಗು, ತಾಳೆ, ಬೈನೆ ಮರ ಹತ್ತಿ ಇಳಿಸಬೇಕು. ಮಡಕೆಗೆ ತೊಟ್ಟಿಕ್ಕುವಾಗಲೇ ಹುಳಿ ಬರಲು ಶುರು. ಬೆಳಗ್ಗಿನದ್ದು ಸಂಜೆಗೆ ಖಾರ, ಮರುದಿನಕ್ಕೆ ವಿನೆಗರಿನ ದಾರಿ ಹಿಡಿದಿರುತ್ತದೆ. ಕೂಡಿಡಲು ಆಗುವುದಿಲ್ಲ. ಒಂದು ಮರ ಕೊಡುವುದಕ್ಕೂ ಲೆಕ್ಕ ಉಂಟು, ಒಬ್ಬ ಮನುಷ್ಯ ದಿನಕ್ಕೆ ಹತ್ತುವ ಮರಕ್ಕೂ ಲೆಕ್ಕ ಉಂಟು. ಜೋರು ಮಳೆಯಲ್ಲಿ ಹತ್ತುವುದೇ ಕಷ್ಟ. ಗಡಂಗಿನಲ್ಲಿ ಕೂತವನ ಪಕ್ಕ ಕೂತವನು ಅವನ ಹೆಂಡತಿಯ ಅಣ್ಣನೇ ಆಗಿರಬಹುದು. ಹಾಗಂತ ಅದು ಸತ್ಯಯುಗ ಅಲ್ಲ. ಕಳ್ಳು ಕುಡಿದು ಗದ್ದೆಯ ಬದುವಿನಲ್ಲಿ ಮಲಗಿದವರನ್ನು ಶಾಲೆಗೆ ಹೋಗುವಾಗ ದಾಟಿ ಹೋಗಿದ್ದೇವೆ. ಆದರೆ ಅವರನ್ನು ತಡೆಯುವ ಕೆಲಸವನ್ನು ಅವರೊಬ್ಬರ ಮನಸ್ಸಿಗೇ ವಹಿಸಿರಲಿಲ್ಲ.

ಸಾರಾಯಿಗೆ ಈ ಯಾವ ಗೆರೆಯೂ ಇರಲಿಲ್ಲ. ಪ್ಯಾಕೆಟಿನಲ್ಲಿ ಬರುತ್ತಿತ್ತು, ಕೆಡುತ್ತಿರಲಿಲ್ಲ, ಲುಂಗಿಯ ಮಡಿಕೆಯಲ್ಲಿ ಹಿಡಿಯುತ್ತಿತ್ತು. ಯಾವ ಮನೆ ಹೇಗೆ ಹಾಳಾಯಿತು ಎಂದು ಇಲ್ಲಿ ಬರೆಯುವುದಿಲ್ಲ, ಓದುವ ಅರ್ಧದಷ್ಟು ಜನರಿಗೆ ತಮ್ಮದೇ ಊರಿನ ಹೆಸರು ನೆನಪಾಗುತ್ತದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಬಂದು ಕೂತವು.

ಇದನ್ನು ನನ್ನ ಕೆಲಸದ ಭಾಷೆಯಲ್ಲಿ ಹೇಳಿದರೆ ನನಗೇ ಸಲೀಸು. ಒಂದು ಸರ್ವರಿಗೆ ನಿಮಿಷಕ್ಕೆ ಇಷ್ಟೇ ರಿಕ್ವೆಸ್ಟ್ ಬರಬೇಕು ಅಂದರೆ ನಾವು ರೇಟ್ ಲಿಮಿಟ್ ಹಾಕುತ್ತೇವೆ. ಅದನ್ನು ಕ್ಲೈಂಟಿನ ಕಡೆ ಹಾಕಿ, 'ದಯವಿಟ್ಟು ನೀವೇ ಮಿತವಾಗಿ ಕಳಿಸಿ' ಅಂತ ಕೈ ಮುಗಿಯುವವನನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಮೂರನೇ ಗ್ಲಾಸಿನ ಹೊತ್ತಿಗೆ ಲಿಮಿಟ್ ನೋಡಿಕೊಳ್ಳಬೇಕಾದ ತಲೆಯೇ ಲೋಡಿನಲ್ಲಿರುತ್ತದೆ. ಆದರೂ ಬಿಯರಿನ ಜಾಹೀರಾತಿನವರಿಂದ ಹಿಡಿದು ನಮ್ಮ ಫಿಟ್‌ನೆಸ್ ಗುರುಗಳವರೆಗೆ ಎಲ್ಲರೂ ಹೇಳುವುದು ಅದನ್ನೇ: ಜವಾಬ್ದಾರಿಯಿಂದ ಕುಡಿಯಿರಿ. ಯಾರ ಜವಾಬ್ದಾರಿ ಮಾರಾಯ್ರೆ?

ಹಾಗಾಗಿ ನಾನು ಮಿತದಲ್ಲಿ ಇದ್ದೇನೆ ಅಂದರೆ ಅದರಲ್ಲಿ ನನ್ನ ಗುಣ ಎಷ್ಟು, ನನ್ನ ಸುತ್ತಲಿನ ಏರ್ಪಾಟು ಎಷ್ಟು ಅಂತ ಯೋಚಿಸಬೇಕಾಗುತ್ತದೆ. ಸೋಮವಾರ ಒಂಬತ್ತೂವರೆಗೆ ಸ್ಟ್ಯಾಂಡ್‌ಅಪ್ ಮೀಟಿಂಗ್ ಉಂಟು. ಮನೆಯಲ್ಲಿ ಹೆಂಡತಿ ಏನೂ ಹೇಳದೆ ಒಮ್ಮೆ ನೋಡುತ್ತಾಳೆ, ಸಾಕು. ಬಾರಿನಿಂದ ಮನೆಗೆ ಕ್ಯಾಬ್ ಉಂಟು, ಬಿದ್ದರೆ ಇನ್ಶೂರೆನ್ಸ್ ಉಂಟು, ಎರಡು ಸಾವಿರದ ಬಿಲ್ಲು ಸಂಬಳದಲ್ಲಿ ಗೊತ್ತೇ ಆಗುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಎದುರು ಗಾರೆ ಕೆಲಸ ಮಾಡುವವನು ನನ್ನಷ್ಟೇ ಗ್ರಾಂ ಆಲ್ಕೋಹಾಲ್ ಕುಡಿದರೆ ಅವನ ಒಂದು ದಿನದ ಕೂಲಿಯ ದೊಡ್ಡ ಪಾಲು ಹೋಯಿತು, ಮರುದಿನದ ಕೆಲಸ ಹೋಗಬಹುದು, ರಸ್ತೆ ಬದಿಯಲ್ಲಿ ಬಿದ್ದರೆ ಫೋಟೊ ತೆಗೆಯುವವರು ನಾವೇ. ಗ್ರಾಂ ಒಂದೇ. ನಾನು ಮಾಡರೇಟ್ ಡ್ರಿಂಕರ್, ಅವನು ಕುಡುಕ. ಈ ಎರಡು ಶಬ್ದಗಳ ನಡುವೆ ಇರುವುದು ಸಂಯಮ ಅಲ್ಲ, ಸಂಬಳ.

ಇದರಿಂದ 'ಎಲ್ಲ ಸಮಾಜದ ತಪ್ಪು, ನನ್ನದೇನೂ ಇಲ್ಲ' ಅಂತ ಆಗುವುದಿಲ್ಲ. ನನಗಿರುವ ಏರ್ಪಾಟು ಇಲ್ಲದವನ ಎದುರು ಗ್ಲಾಸು ಇಡುವಾಗ ನನ್ನ ಕೈ ಸ್ವಲ್ಪ ತಡೆಯಬೇಕು, ಅಷ್ಟು.

ನಾರಾಯಣ ಗುರುಗಳ ಮಾತು ನಮ್ಮ ಜಿಲ್ಲೆಯಲ್ಲಿ ಬಹಳ ಜನರಿಗೆ ಬಾಯಿಪಾಠ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದವರು ಅವರು. ಕಳ್ಳು ಇಳಿಸುವುದೇ ಕುಲಕಸುಬಾಗಿದ್ದ ಜನರಿಗೇ ಅವರು, ಮದ್ಯ ಮಾಡಬಾರದು, ಕೊಡಬಾರದು, ಕುಡಿಯಬಾರದು ಎಂದರು. ಹೊಟ್ಟೆಪಾಡಿಗೇ ಕೈ ಹಾಕಿದ ಮಾತು ಅದು, ಸುಮ್ಮನೆ ಉಪದೇಶ ಅಲ್ಲ. ಮೂರರಲ್ಲಿ ನಾವು ಯಾವಾಗಲೂ ಚರ್ಚಿಸುವುದು ಕೊನೆಯದನ್ನು. ನನ್ನನ್ನು ಕಾಡುವುದು ನಡುವಿನದು: ಕೊಡಬಾರದು.

ಯಾಕೆಂದರೆ ಈಗ ಕೊಡುವವರು ನಾವು. ನಮ್ಮೂರ ಕಡೆ ಮದುವೆಯ ಮುಂಚಿನ ರಾತ್ರಿ ಮೆಹಂದಿ ಅಂತ ಒಂದು ಶುರುವಾಗಿದೆ. ಹೆಸರಿಗೆ ಮೆಹಂದಿ, ಡಿಜೆ ಉಂಟು, ಅಂಗಳದ ಆಚೆ ತೋಟದ ಕರೆಯಲ್ಲಿ ಬಿಯರಿನ ಕೇಸು ಉಂಟು. ಆ ಕೇಸಿನ ದುಡ್ಡು ಹೆಚ್ಚಾಗಿ ಬೆಂಗಳೂರಿಂದಲೋ ದುಬೈಯಿಂದಲೋ ಬಂದವನದ್ದು. ಕಳೆದ ವರ್ಷ ಚಿಕ್ಕಪ್ಪನ ಮಗನ ಮದುವೆ. ತಮ್ಮ ಫೋನ್ ಮಾಡಿ, "ಅಣ್ಣ, ಊಟ ಅಪ್ಪ ನೋಡಿಕೊಳ್ತಾರೆ, ಬಿಯರ್ ನಿನ್ನ ಲೆಕ್ಕ ಆಯ್ತಾ" ಅಂದ. ಪ್ರೀತಿಯಿಂದಲೇ ಕೇಳಿದ್ದು.

ಆ ಅಂಗಳದಲ್ಲಿ ನನ್ನ ಸೋದರಮಾವನೂ ಇರುತ್ತಾರೆ. ಹನ್ನೊಂದು ವರ್ಷದ ಹಿಂದೆ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟವರು. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಅಂತ ಮಾಡಿಕೊಳ್ಳುತ್ತಾರೆ, ಆಗಾಗ ಸೇರಿ ಮಾತಾಡುತ್ತಾರೆ. ಮಾವ ಅದನ್ನು ತಪ್ಪಿಸಿದ್ದು ಕಡಿಮೆ. ಹನ್ನೊಂದು ವರ್ಷ ಆಯ್ತಲ್ಲ, ಇನ್ನೂ ಹೋಗಬೇಕಾ ಅಂತ ಒಮ್ಮೆ ಕೇಳಿದ್ದೆ. "ನಾನು ಬಿಟ್ಟದ್ದಲ್ಲ ಮಗಾ, ಅವರು ಹಿಡ್ಕೊಂಡದ್ದು" ಅಂದರು. ನನ್ನ ಇಡೀ ರೇಟ್ ಲಿಮಿಟಿನ ಸಿದ್ಧಾಂತ ಅವರಿಗೆ ಮೊದಲೇ ಗೊತ್ತಿತ್ತು.

ತಮ್ಮನಿಗೆ ಬಿಯರಿನ ದುಡ್ಡು ಆಗುವುದಿಲ್ಲ, ಬೇರೆ ಏನು ಬೇಕಾದರೂ ಹೇಳು ಅಂದೆ. ಅವನಿಗೆ ಬೇಜಾರಾಯಿತು. "ನೀನು ಕುಡಿಯುದಿಲ್ವಾ ಅಣ್ಣ? ಬೆಂಗಳೂರಲ್ಲಿ ಆಗ್ತದೆ, ಊರಲ್ಲಿ ಎಂತ ದೊಡ್ಡ ಸಾಚಾ?" ಪ್ರಶ್ನೆ ಸರಿಯಾದದ್ದೇ. ಇಂದಿರಾನಗರದಲ್ಲಿ ಗೆಳೆಯರ ಜೊತೆ ಒಂದು ಗ್ಲಾಸು ಎತ್ತುವವನು ಕೊಯಿಲದ ಅಂಗಳದಲ್ಲಿ ಯಾಕೆ ತಡೆಯುತ್ತಾನೆ ಎಂಬುದಕ್ಕೆ ಫೋನಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಆರೋಗ್ಯ, ಮಿತ ಎಂಬ ಶಬ್ದಗಳು ಅಲ್ಲಿ ಸಹಾಯಕ್ಕೆ ಬರುವುದಿಲ್ಲ. ಅಲ್ಲಿಗೆ ಬರುವ ಹುಡುಗರಲ್ಲಿ ಇಬ್ಬರ ಬೈಕು ಮರುದಿನ ಎಲ್ಲಿರುತ್ತದೆ ಅಂತ ನನಗೂ ಗೊತ್ತಿಲ್ಲ, ತಮ್ಮನಿಗೂ ಗೊತ್ತಿಲ್ಲ. ಅವರಿಗೆ ನಾನು ಬೆಂಗಳೂರಲ್ಲಿ ಚೆನ್ನಾಗಿರುವ ಅಣ್ಣ. ನಾನು ಒಂದು ಬಾಟಲಿ ಕೊಟ್ಟರೆ ಅದು ಬರೀ ಬಾಟಲಿ ಆಗಿ ಉಳಿಯುವುದಿಲ್ಲ.

ಬಿಯರ್ ಬಂತು, ಬೇರೆ ಯಾರದೋ ಲೆಕ್ಕದಲ್ಲಿ. ನಾನು ದುಡ್ಡು ಕೊಡದಿದ್ದರಿಂದ ಒಂದು ಕೇಸೂ ಕಡಿಮೆಯಾಗಲಿಲ್ಲ. ಮಾವ ಹತ್ತು ಗಂಟೆಗೆ ಊಟ ಮಾಡಿ, "ನಾಳೆ ಬೇಗ ಏಳ್ಬೇಕು" ಅಂತ ಟಾರ್ಚ್ ಹಿಡಿದು ಹೊರಟರು. ನಾನೂ ಅವರ ಜೊತೆ ಗೇಟಿನವರೆಗೆ ಹೋದೆ. ಡಿಜೆಯ ಸದ್ದಿನಲ್ಲಿ ಮಾತಾಡಲು ಆಗಲಿಲ್ಲ.

ಬೆಂಗಳೂರಿನಲ್ಲಿ ಈಗಲೂ ತಿಂಗಳಿಗೆ ಒಂದೆರಡು ಸಲ ಕುಡಿಯುತ್ತೇನೆ, 330ರ ಸಣ್ಣ ಬಾಟಲಿ, ಸ್ಟ್ರಾಂಗ್ ಅಲ್ಲ. ಫ್ರಿಡ್ಜಿನಲ್ಲಿ ಇಡುವುದಿಲ್ಲ, ಬೇಕಾದರೆ ಹೋಗಿ ತರಬೇಕು, ಬೇಸರವಾದರೆ ಅಲ್ಲಿಗೆ ಬಿಟ್ಟೆ. ಟೀಮ್ ಔಟಿಂಗಿನಲ್ಲಿ ಹೊಸಬರು ಜ್ಯೂಸ್ ಹೇಳಿದರೆ ಯಾಕೆ ಅಂತ ಕೇಳುವುದಿಲ್ಲ, ಕೇಳುವವರಿದ್ದರೆ ಮಾತು ತಪ್ಪಿಸುತ್ತೇನೆ. ಮುಂದಿನ ತಿಂಗಳು ಆತೂರಿನಲ್ಲಿ ಇನ್ನೊಂದು ಮದುವೆ ಉಂಟು. ಐಸ್‌ಕ್ರೀಮ್ ನನ್ನ ಲೆಕ್ಕ ಅಂತ ಈಗಲೇ ಹೇಳಿಟ್ಟಿದ್ದೇನೆ.